ಊರ ನೀರಿನ ಲೆಕ್ಕ

ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಒಂದು ಶಾಲೆಯ ಕಾರಣದಿಂದ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಕ್ರಿ.ಶ. 945ರ ಶಾಸನ ಹೇಳುತ್ತದೆ. ಆಗ ಊರಿನ ಹೆಸರು ಪಾವಿಟ್ಟಗೆ. ನಾನಾ ದೇಶಗಳಿಂದ ಓದಲು ಬಂದವರಿಗಾಗಿ 27 ವಸತಿಗಳಿದ್ದವಂತೆ. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟಿದ್ದರು. ಊರಿನವರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಇಂತಿಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಎಂದು ಕಾಣಿಕೆಯ ಗೊತ್ತುಪಾಡೂ ಆಗಿತ್ತು.

ಮೇಷ್ಟರುಗಳು ಈ ಶಾಸನವನ್ನು ಪ್ರಾಚೀನ ವಿದ್ಯಾಕೇಂದ್ರದ ಹೆಮ್ಮೆಗಾಗಿ ಉದಾಹರಿಸುತ್ತಾರೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಕಟ್ಟಡ ಎಬ್ಬಿಸಿ ಕೈ ತೊಳೆದುಕೊಳ್ಳದೆ, ಅದರ ದೀಪಕ್ಕೆ ನಾಳೆ, ನಾಡಿದ್ದು, ಹತ್ತು ವರ್ಷದ ಮೇಲೆ ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನು ಅವರು ಮೊದಲೇ ಯೋಚಿಸಿದ್ದರು. ಇಂದಿನ ಹಳ್ಳಿಗಳಲ್ಲಿ ನೀರಿನ ಟ್ಯಾಂಕು ಕಟ್ಟುವಾಗ, ಗಟಾರ ತೋಡುವಾಗ ಬಹಳ ಸಲ ಬಿಟ್ಟುಹೋಗುವುದು ಇದೊಂದೇ ಲೆಕ್ಕ.

ಊರಿನ ಆರೋಗ್ಯ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಡಾಕ್ಟರು, ಇಂಜೆಕ್ಷನ್. ಕಾನೂನು ಹೇಳುವುದು ಬೇರೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯ ಅದರಲ್ಲಿವೆ. ಅದೇ ವರ್ಷ ಮೇ 10ರಿಂದ ಜಾರಿಗೆ ಬಂದ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸೌಕರ್ಯಗಳ ಸಮಿತಿಯೊಂದು ಇರಬೇಕೆಂದು ವಿಧಿಸಿದೆ. ಶಾಲೆ, ಸಾರ್ವಜನಿಕ ಆರೋಗ್ಯ, ಕಾಮಗಾರಿಗಳು ಆ ಸಮಿತಿಗೆ ಸೇರಿದ ವಿಷಯಗಳು. ಅಂದರೆ ರೋಗ ಬಂದ ಮೇಲೆ ನೋಡಿಕೊಳ್ಳುವವರು ಡಾಕ್ಟರು, ಬಾರದಂತೆ ನೋಡಿಕೊಳ್ಳಬೇಕಾದವರು ಊರಿನವರೇ ಆರಿಸಿ ಕಳುಹಿಸಿದ ಜನ.

ಇದು ಆಗುವ ಮಾತೇ ಎಂದು ಕೇಳುವವರು ನಾರು ಹುಣ್ಣಿನ ಕಥೆ ತಿಳಿಯಬೇಕು. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿರಲಾರದು. ಮನೆಯಲ್ಲಿ ಮುತ್ಯಾ, ಆಯಿ ಇದ್ದರೆ ಅವರನ್ನು ಕೇಳಿ ನೋಡಬಹುದು. ಕಾಲಿನ ಮೇಲೊಂದು ಗುಳ್ಳೆ ಏಳುತ್ತಿತ್ತು, ಬೆಂಕಿ ಇಟ್ಟಂತೆ ಉರಿಯುತ್ತಿತ್ತು. ತಂಪಿಗೆಂದು ಕಾಲನ್ನು ನೀರಿನಲ್ಲಿಟ್ಟರೆ ಗುಳ್ಳೆ ಒಡೆದು ಬಿಳಿ ದಾರದಂಥ ಹುಳು ತಲೆ ಹಾಕುತ್ತಿತ್ತು. ಉದ್ದ ಹತ್ತಿರ ಹತ್ತಿರ ಒಂದು ಮೀಟರು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ವಾರಗಟ್ಟಲೆ ಎಳೆಯಬೇಕು. ಅವಸರ ಮಾಡಿ ತುಂಡಾಯಿತೋ, ಕಾಲು ಬಾತು ಕೀವು ತುಂಬುವುದು. ಬಿತ್ತನೆಯೋ ರಾಶಿಯೋ ಬಂದಾಗ ದುಡಿಯುವವನೇ ಹಾಸಿಗೆ ಹಿಡಿದರೆ ಮನೆಯ ಗತಿ ಏನಾಗಬೇಕು?

ಈ ರೋಗ ನೆಲೆಸಿದ್ದುದು ಮೆಟ್ಟಿಲು ಬಾವಿಗಳಲ್ಲಿ. ಹುಣ್ಣಾದವನು ನೀರಿಗಿಳಿದರೆ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಸೈಕ್ಲೋಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದ ನೀರಿನ ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ಮೈಯೊಳಗೆ ಹುಳು ಬೆಳೆದು, ಸುಮಾರು ಒಂದು ವರ್ಷದ ಮೇಲೆ ಅವನ ಕಾಲಿನಿಂದ ಹೊರಬರುತ್ತದೆ. ಅವನು ಮತ್ತೆ ಅದೇ ಬಾವಿಗೆ ಇಳಿಯುತ್ತಾನೆ. ಇದಕ್ಕೆ ಔಷಧವಿಲ್ಲ, ಲಸಿಕೆಯಿಲ್ಲ. ಒಮ್ಮೆ ಬಂದವನಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ.

1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ಏಳು ರಾಜ್ಯಗಳಲ್ಲಿ ಈ ಪಿಡುಗು ಇತ್ತು. ಕರ್ನಾಟಕ ಅವುಗಳಲ್ಲಿ ಒಂದು. ಆಗಿನ ಬಿಜಾಪುರದಂಥ ಒಣಭೂಮಿಯ ಜಿಲ್ಲೆಗಳೇ ಅದರ ಬೀಡು. 1984ರಲ್ಲಿ ದೇಶದಲ್ಲಿ ಎಣಿಕೆಗೆ ಸಿಕ್ಕ ರೋಗಿಗಳು ಸುಮಾರು 40 ಸಾವಿರ. ಮಾಡಿದ್ದೇನು? ಬಾವಿಯ ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ರಾಟೆ ಹಾಕಿದರು. ಕೊಳವೆಬಾವಿ ಕೊರೆಸಿ ಕೈಪಂಪು ಕೂಡಿಸಿದರು. ಸೈಕ್ಲೋಪ್ಸ್ ಸಾಯುವಂತೆ ನೀರಿಗೆ ಟೆಮಿಫಾಸ್ ಹಾಕಿದರು. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸುವುದನ್ನು ಹೆಣ್ಣುಮಕ್ಕಳಿಗೆ ತೋರಿಸಿಕೊಟ್ಟರು. ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿ ಪಟ್ಟಿ ಮಾಡಿದರು. ಇಷ್ಟರಲ್ಲಿ ಯಾವುದೂ ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ! ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೂ ಹುಡುಕಾಟ ನಿಲ್ಲಲಿಲ್ಲ. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವಿಟ್ಟು ಹುಡುಕಿದರು, ಯಾರೂ ಸಿಗಲಿಲ್ಲ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ 2023ರಲ್ಲಿ ಕಂಡದ್ದು 14 ಮಂದಿಯಲ್ಲಿ ಮಾತ್ರ.

ಹಾಗಾದರೆ ಈಗ ಊರಿನ ನೀರಿನ ಚಿಂತೆ ಮುಗಿಯಿತೇ? ಬಾವಿ ಹೋಗಿ ಟ್ಯಾಂಕು ಬಂತು, ಟ್ಯಾಂಕಿನಿಂದ ನಲ್ಲಿ ಬಂತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್, ನಮ್ಮಲ್ಲಿ ‘ಮನೆಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ಅಂಗಳದವರೆಗೆ ಪೈಪು ತಂದಿತು. ಪೈಪಿನೊಳಗೆ ಏನು ಬರುತ್ತದೆ ಎಂಬುದು ಮಾತ್ರ ದಿನದಿನದ ಪ್ರಶ್ನೆ.

ಒಂದು ಲೆಕ್ಕ ನೋಡೋಣ. ನಾಲ್ಕು ಮೀಟರು ವ್ಯಾಸ, ನಾಲ್ಕು ಮೀಟರು ಎತ್ತರದ ದುಂಡನೆಯ ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆ? ಹತ್ತನೆಯ ತರಗತಿಯವರು ಸಿಲಿಂಡರಿನ ಸೂತ್ರ ಹಾಕಿದರೆ ಸುಮಾರು 50 ಸಾವಿರ ಲೀಟರು ಎಂಬ ಉತ್ತರ ಬರುತ್ತದೆ. ತಿಳಿಯಾದ ನೀರಿಗೆ, ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ, ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಷ್ಟು ಸಾಕೆಂಬುದು ವೈದ್ಯಕೀಯ ಪುಸ್ತಕಗಳ ಅಂದಾಜು. ಅಂದರೆ ಈ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಅರ್ಧದಿಂದ ಒಂದು ಗಂಟೆ ಕಾದು ನೀರು ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ.

ಎಷ್ಟು ಸುಲಭ ಅನ್ನಿಸುತ್ತದೆ! ಆದರೆ ಪುಡಿಯ ಚೀಲ ಬಾಯಿ ತೆರೆದು ಪಂಪಿನ ಮನೆಯ ಮೂಲೆಯಲ್ಲಿ ಬಿದ್ದಿದ್ದರೆ ವಿಜಯಪುರದ ಬಿಸಿಲಿಗೆ ಅದರ ಕ್ಲೋರಿನ್ ಹಾರಿಹೋಗಿ ಉಳಿಯುವುದು ಸುಣ್ಣ. ಕರೆಂಟು ನಡುರಾತ್ರಿ ಬಂದರೆ ವಾಟರ್‌ಮನ್ ಟ್ಯಾಂಕು ತುಂಬಿಸುವನೋ, ಕತ್ತಲೆಯಲ್ಲಿ ಏಣಿ ಹತ್ತಿ ಪುಡಿ ಹಾಕುವನೋ? ಹಾಕಿದನೆಂದೇ ಇಟ್ಟುಕೊಳ್ಳೋಣ. ಪೈಪು ಗಟಾರವನ್ನು ದಾಟುವ ಜಾಗದಲ್ಲಿ ಜಾಯಿಂಟು ಸಡಿಲವಾಗಿದ್ದರೆ, ನೀರು ನಿಂತ ಕೂಡಲೇ ಪೈಪಿನೊಳಗಿನ ಒತ್ತಡ ಇಳಿದು ಹೊರಗಿನ ಕೊಳೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮರುದಿನ ಮೊದಲ ಕೊಡ ಹಿಡಿದ ಮನೆಗೆ ಬರುವುದು ಅದು. ಊರೂರಲ್ಲಿ ಮಳೆಗಾಲದ ಆರಂಭಕ್ಕೆ ವಾಂತಿ-ಭೇದಿ ಏಳುವುದರ ಹಿಂದೆ ಇಂಥ ಸಂಗತಿ ಇರುತ್ತದೆ.

ಈ ಕೆಲಸವನ್ನು ನಡೆಸುವವನಿಗೆ ಬೇಕಾದದ್ದು ಮುಖ್ಯವಾಗಿ ಒಂದು ಪುಸ್ತಕ ಮತ್ತು ಒಂದು ನಕ್ಷೆ. ಯಾವ ದಿನ ಎಷ್ಟು ಪುಡಿ ಹಾಕಿತು, ಯಾವ ಓಣಿಯ ನಲ್ಲಿಯಲ್ಲಿ ಕ್ಲೋರಿನ್ ಸಿಗಲಿಲ್ಲ, ಯಾವ ಮನೆಯ ಮಗುವಿಗೆ ಭೇದಿಯಾಯಿತು. 1854ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಾಲರಾ ಸಾವುಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತು ಹಾಕಿ ಒಂದು ಪಂಪನ್ನು ಹಿಡಿದದ್ದು ಇದೇ ವಿದ್ಯೆಯಿಂದ. ಇಲ್ಲಿ ಆಶಾ ಕಾರ್ಯಕರ್ತೆಯ ಪುಸ್ತಕವೂ ವಾಟರ್‌ಮನ್ನನ ಪುಸ್ತಕವೂ ಒಂದೇ ಮೇಜಿನ ಮೇಲೆ ಬಂದರೆ ಓಣಿ ತಾನಾಗಿ ಎದ್ದು ಕಾಣುತ್ತದೆ. ಬಹಳ ಕಡೆ ಅವೆರಡು ಬೇರೆ ಬೇರೆ ಇಲಾಖೆಯ ಕಪಾಟಿನಲ್ಲಿರುತ್ತವೆ, ಒಂದರ ಮುಖ ಒಂದು ನೋಡುವುದಿಲ್ಲ.

ಕ್ಲೋರಿನ್‌ಗೆ ಜಗ್ಗದ ಇನ್ನೊಂದು ಸಂಗತಿ ಫ್ಲೋರೈಡ್. ಕೊಳವೆಬಾವಿಗಳು ಬಂದದ್ದರಿಂದ ನಾರು ಹುಣ್ಣು ಹೋಯಿತು, ನಿಜ. ಆದರೆ ಬಂಡೆಯ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ವಿಜಯಪುರ ಜಿಲ್ಲೆಯೂ ಅದರಿಂದ ಹೊರತಲ್ಲ. ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ನಡೆದೀತು ಎಂದು ಮಾನಕ ಹೇಳುತ್ತದೆ. ಮೀರಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವರ್ಷಾನುಗಟ್ಟಲೆ ಕುಡಿದರೆ ಮೂಳೆ ಸೆಟೆದು ಬೆನ್ನು ಬಗ್ಗದಂತಾಗುವುದು. ತಾಯಂದಿರು ಒಂದು ಮಾತು ನೆನಪಿಡಬೇಕು: ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆಂದೇ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕಗಳು ಬಂದವು. ಅವುಗಳೊಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ಅದಕ್ಕೆ ಹಣ ಬೇಕು. ಬದಲಿಸದಿದ್ದರೆ ನಾಣ್ಯ ಹಾಕಿ ಹಿಡಿದ ನೀರಿಗೂ ನಲ್ಲಿಯ ನೀರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮತ್ತೆ ಬಂತಲ್ಲ, ದೀಪದೆಣ್ಣೆಯ ಪ್ರಶ್ನೆ!

ಡೆಂಗಿಯೂ ನೀರಿನ ವೇಳಾಪಟ್ಟಿಗೆ ಸೇರಿದ್ದೆಂದರೆ ಅನೇಕರು ನಂಬಲಾರರು. ಅದರ ಸೊಳ್ಳೆ ಮೊಟ್ಟೆಯಿಡುವುದು ಗಟಾರದಲ್ಲಲ್ಲ, ಮನೆಯ ತಿಳಿನೀರಿನಲ್ಲಿ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬಂದರೆ ಮನೆಯವರು ಬ್ಯಾರಲ್ಲು, ಹಂಡೆ ಎಲ್ಲವನ್ನೂ ತುಂಬಿಡದೆ ಇನ್ನೇನು ಮಾಡಿಯಾರು? ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಬೇಕು. ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಿದರೆ ಅದರ ಸಂಸಾರ ಮುರಿಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿ, ಲಾರ್ವಾ ಕಂಡ ಮನೆಗೆ ದಂಡ ಹಾಕಲು ಅವಕಾಶ ಕೊಟ್ಟಿತು. ದಂಡಕ್ಕಿಂತ ಮೊದಲು ನೀರನ್ನು ದಿನ ಬಿಟ್ಟು ದಿನವಾದರೂ ಬಿಡುವುದು ನ್ಯಾಯ.

ಇದಕ್ಕೆಲ್ಲ ದುಡ್ಡು? ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ 60 ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಉಳಿದದ್ದು ನೀರಿನ ಕರ. ಕರ ಕೊಡದವರ ನಲ್ಲಿ ಕಡಿಯಲು ಯಾವ ಸದಸ್ಯನೂ ಮುಂದಾಗುವುದಿಲ್ಲ. ಚುನಾವಣೆ ಎಂದಿದ್ದರೂ ಬರುವುದೇ ತಾನೆ.

ಮಗ ಡಾಕ್ಟರಾಗಲಿ, ಮಗಳು ಎಂಜಿನಿಯರಾಗಲಿ ಎನ್ನುವ ಪಾಲಕರು ಈ ಕ್ಷೇತ್ರದ ಕಡೆ ಕಣ್ಣು ಹಾಯಿಸುವುದು ಕಡಿಮೆ. ಆರೋಗ್ಯ ನಿರೀಕ್ಷಕರ ಡಿಪ್ಲೊಮಾ ಇದೆ. ಪುರಸಭೆ, ನಗರಸಭೆಗಳಲ್ಲಿ ಕಿರಿಯ ಆರೋಗ್ಯ ನಿರೀಕ್ಷಕರ ಹುದ್ದೆಗಳಿವೆ. ಪರಿಸರ ಎಂಜಿನಿಯರಿಂಗ್ ಓದಿದವರನ್ನು ನಗರ ಸಂಸ್ಥೆಗಳು ಪರಿಸರ ಅಭಿಯಂತರರಾಗಿ ತೆಗೆದುಕೊಳ್ಳುತ್ತವೆ. ಯಾವುದೇ ಪದವಿ ಮುಗಿಸಿದವರು ಸ್ಪರ್ಧಾ ಪರೀಕ್ಷೆ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಬಹುದು. ಮೇಲೆ ಹೇಳಿದ ಪುಸ್ತಕ, ನಕ್ಷೆ, ಕರ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅವರ ಮೇಜಿನ ಮುಂದೆಯೇ. ಸಂಬಳ ದೊಡ್ಡದಲ್ಲ. ಬೈಗುಳ ಧಾರಾಳ. ಕೆಲಸ ಚೆನ್ನಾಗಿ ನಡೆದ ವರ್ಷ ಊರಿನಲ್ಲಿ ಏನೂ ಆಗಿರುವುದಿಲ್ಲವಾದ್ದರಿಂದ ಹೊಗಳುವವರೂ ಇರುವುದಿಲ್ಲ.

ಮನಸ್ಸಿದ್ದವರು ಇಂದೇ ಪರೀಕ್ಷೆ ಮಾಡಿಕೊಳ್ಳಲು ಒಂದು ದಾರಿಯಿದೆ. ಜಲಜೀವನ ಮಿಷನ್ನಿನ ಅಡಿಯಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಟಾಗಿದೆ, ಪರೀಕ್ಷೆಯ ಪೆಟ್ಟಿಗೆ ಪಂಚಾಯಿತಿಗೆ ಬರುತ್ತದೆ. ವಿಜ್ಞಾನದ ಮೇಷ್ಟರು ಮುಂದಾಗಿ ಅವರನ್ನು ಶಾಲೆಗೆ ಕರೆಸಬಹುದು. ಟ್ಯಾಂಕಿನ ಬುಡದ ನಲ್ಲಿಯದೊಂದು, ಊರ ಕೊನೆಯ ಓಣಿಯದೊಂದು, ಶಾಲೆಯದೊಂದು, ಹೀಗೆ ಮೂರು ಬಾಟಲಿ ನೀರು ತಂದರೆ ಸಾಕು. ಬಂದ ಅಂಕಿಗಳನ್ನು ತಾರೀಖು ಹಾಕಿ ಬರೆದಿಟ್ಟು ಮುಂದಿನ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಓದಲಿ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು, ಅದೂ ಕಾಯಿದೆಯಲ್ಲಿದೆ.