ಬೋರ್ಡಿಗೆ ಮಸಿ ಬಳಿದದ್ದಾಯಿತು, ಕರಿಹಲಗೆಯ ಮುಂದೆ ನಿಲ್ಲುವವರು ಯಾರು?



ನವೆಂಬರ್ ಬಂತೆಂದರೆ ನಿಮ್ಮ ಬೈಕಿಗೆ ಹಳದಿ-ಕೆಂಪು ಬಾವುಟ ಏರುತ್ತದೆ. ನಮ್ಮದಕ್ಕೂ ಏರುತ್ತದೆ. ಅಂಗಡಿಯ ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದಕ್ಕೆ, ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಮಾತಾಡಿ ಎಂದು ಗದರುವುದಕ್ಕೆ ನಮ್ಮಲ್ಲಿ ಜನ ಕಡಿಮೆಯಿಲ್ಲ. ಆದರೆ ಈ ವಾರ ಬೇರೊಂದು ಪ್ರಶ್ನೆ ಕೇಳುತ್ತೇವೆ, ಸಿಟ್ಟಾಗಬೇಡಿ. ನಿಮ್ಮ ಗುಂಪಿನಲ್ಲಿ ಪದವಿ ಮುಗಿಸಿದವರು ಎಷ್ಟು ಜನ? ಅವರಲ್ಲಿ ಬಿ.ಇಡಿ.ಗೆ ಅರ್ಜಿ ಹಾಕಿದವರು ಎಷ್ಟು ಜನ? ಏಳನೇ ತರಗತಿಯ ಮಕ್ಕಳಿಗೆ ಬೆಳಕು, ಶಾಖ, ಆಮ್ಲ, ಪ್ರತ್ಯಾಮ್ಲ ಇವನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ, ಯಾವ ಊರಿಗೆ ಹಾಕಿದರೂ ಹೋಗುತ್ತೇನೆ ಎಂದು ಎದ್ದು ನಿಂತವರು ಎಷ್ಟು ಜನ?

ಮೌನ. ಇರಲಿ, ಮುಂದೆ ಓದಿ.

ಈ ಮಾತು ತೆಗೆಯಲು ಕಾರಣ ಕಾರಟಗಿ. ಶನಿವಾರ ಬೈಕೇರಿ ಹಂಪಿಗೆ ಹೋಗುವ ನಿಮಗೆ ಆನೆಗೊಂದಿ ಗೊತ್ತು, ಅಂಜನಾದ್ರಿ ಗೊತ್ತು, ಸಣಾಪುರದ ಕೆರೆ ಗೊತ್ತು. ಅಲ್ಲಿಂದ ಗಂಗಾವತಿ ದಾಟಿ ಸಿಂಧನೂರಿನ ರಸ್ತೆ ಹಿಡಿದರೆ ಸಿಗುವ ಊರು ಕಾರಟಗಿ. ಬಹುಕಾಲ ಗಂಗಾವತಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ, ಸಾಲು ಸಾಲು ರೈಸ್ ಮಿಲ್. ಬೆಂಗಳೂರಿನ ಪಿ.ಜಿ.ಯಲ್ಲಿ ನೀವು ಉಣ್ಣುವ ಸೋನಾ ಮಸೂರಿ ಎಷ್ಟೋ ಸಲ ಇದೇ ಸೀಮೆಯದು. ಅಕ್ಕಿ ಬರುವ ದಾರಿ ನಮಗೆ ಗೊತ್ತು. ಆ ಊರಿನ ಮಕ್ಕಳು ಮೇಷ್ಟರಾಗುವ ದಾರಿ ಎಂಥದ್ದೆಂದು ಕೇಳಿದವರು ಕಡಿಮೆ.

ಇದು ಕನ್ನಡಕ್ಕೆ ಸುಮ್ಮನೆ ಸಿಕ್ಕ ಸೀಮೆಯಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಊರುಗಳನ್ನು ಹೆಸರಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣವನ್ನೂ ಹೇಳುತ್ತದೆ. ಆ ಕೊಪಣವೇ ಇವತ್ತಿನ ಕೊಪ್ಪಳ. ಅಂಥ ನೆಲದಲ್ಲಿ ನಿಜಾಮರ ಆಡಳಿತ ಮುಗಿಯುವ 1948ರವರೆಗೆ ಸರ್ಕಾರಿ ಶಿಕ್ಷಣದ ಭಾಷೆ ಉರ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಕುಕನೂರಿನ ವಿದ್ಯಾನಂದ ಗುರುಕುಲದಂಥ ಕೆಲವೇ ಕಡೆ ಕನ್ನಡದ ದೀಪ ಉರಿಯುತ್ತಿತ್ತು. ಆ ದೀಪ ಹಿಡಿದವರು ಯಾರೆಂದು ಬಲ್ಲಿರಾ? ಪುಢಾರಿಗಳಲ್ಲ, ಮೆರವಣಿಗೆಯವರೂ ಅಲ್ಲ. ಮಾಸ್ತರುಗಳು.

ಈಗ ಕಾರಟಗಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಅಂಥವರು ಓಣಿಗೊಬ್ಬರಿದ್ದಾರೆ. ಅಪ್ಪ ಮಿಲ್ಲಿನಲ್ಲಿ ಹಮಾಲಿ, ಇಲ್ಲವೇ ಎರಡೆಕರೆ ಭತ್ತದ ರೈತ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆ, ಆಮೇಲೆ ಬಸ್ಸು ಹಿಡಿದು ಕಾಲೇಜು, ಕೈಯಲ್ಲಿ ಡಿಗ್ರಿ. ಅವಳಿಗೆ ಶಾಲೆಯ ಟೀಚರ್ ಆಗುವ ಆಸೆ. ಸರ್ಕಾರಿ ಕೋಟಾದ ಬಿ.ಇಡಿ. ಸೀಟಿಗೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅರ್ಜಿ ಕರೆಯುತ್ತದೆ. ಪದವಿಯಲ್ಲಿ ಶೇ. 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ಶೇ. 45. ಪದವಿಯ ಅಂಕಗಳ ಮೇಲೆ ಪಟ್ಟಿ. ಕಾಗದದ ಮೇಲೆ ಎಷ್ಟು ಸರಳ ನೋಡಿ!

ನಿಜವಾದ ಪರೀಕ್ಷೆ ಇರುವುದು ಅರ್ಜಿಯ ಜೊತೆಗಿನ ಕಾಗದಗಳಲ್ಲಿ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿ. ಹಳ್ಳಿಯಲ್ಲೇ ಓದಿದೆ ಎಂಬ ಗ್ರಾಮೀಣ ಪ್ರಮಾಣಪತ್ರಕ್ಕೆ ಹೆಡ್ ಮಾಸ್ತರರ ಸಹಿ, ಅದರ ಮೇಲೆ ಬಿ.ಇ.ಓ. ಸಾಹೇಬರ ಸಹಿ. ಕನ್ನಡ ಮಾಧ್ಯಮದಲ್ಲಿ ಓದಿದೆ ಎಂಬುದಕ್ಕೆ ಮತ್ತೊಂದು ಪತ್ರ, ಮತ್ತೆ ಎರಡು ಸಹಿ. (ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಓದಿದ್ದಕ್ಕೆ ಸಾಕ್ಷಿ ಒದಗಿಸಬೇಕಾಗಿ ಬಂದಿದೆ. ಅದು ಮೀಸಲಾತಿಯ ಲಾಭಕ್ಕೆ ಬೇಕಾದ್ದು, ಒಪ್ಪೋಣ. ಆದರೂ ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.) ಹೆಡ್ ಮಾಸ್ತರರು ತರಬೇತಿಗೆ ಹೋಗಿರುತ್ತಾರೆ. ಬಿ.ಇ.ಓ. ಮೀಟಿಂಗಿನಲ್ಲಿರುತ್ತಾರೆ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ವಿಶ್ವವಿದ್ಯಾಲಯದಿಂದ ಇನ್ನೂ ಹೊರಟಿರುವುದಿಲ್ಲ. ಅಷ್ಟರಲ್ಲಿ ಕೊನೆಯ ದಿನಾಂಕ ಬಾಗಿಲಿಗೆ ಬಂದು ನಿಂತಿರುತ್ತದೆ. ಸೈಬರ್ ಸೆಂಟರಿನ ಹುಡುಗ "ಅಕ್ಕಾರ, ಸರ್ವರ್ ಡೌನ್ ಐತ್ರಿ, ಸಂಜೀಕ ಬರ್ರಿ" ಎನ್ನುತ್ತಾನೆ. ಸಂಜೆ ಕರೆಂಟು ಇರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕಾಗದ ಇನ್ನೊಂದಿದೆ. ಅದು 371(ಜೆ) ಅರ್ಹತಾ ಪ್ರಮಾಣಪತ್ರ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದ್ದು, 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಆದದ್ದು ನಿಮಗೆ ಗೊತ್ತಿರಬಹುದು. ಅದರಂತೆ ಈ ಸೀಮೆಯ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು ಇಲ್ಲಿಯವರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಈ ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಅವರ ಕಚೇರಿ ಕೊಪ್ಪಳದಲ್ಲಿ. ಕಾರಟಗಿಯಿಂದ ಗಂಗಾವತಿ, ಗಂಗಾವತಿಯಿಂದ ಕೊಪ್ಪಳ. ಹೋಗಿ ಬರುವುದರಲ್ಲಿ ಒಂದು ದಿನ, ಒಂದು ದಿನದ ಕೂಲಿ. ಅರ್ಜಿಯ ಅಧಿಸೂಚನೆ ಬಂದ ಮೇಲೆ ಈ ಪತ್ರಕ್ಕೆ ಓಡಿದವರು ಅದನ್ನು ಕೈಗೆ ಪಡೆಯುವಷ್ಟರಲ್ಲಿ ಕೊನೆಯ ದಿನ ಮುಗಿದಿದ್ದರೆ? ಸಂವಿಧಾನ ಕೊಟ್ಟದ್ದನ್ನು ಬಸ್ಸಿನ ಟೈಮ್‌ಟೇಬಲ್ ಕಸಿದುಕೊಂಡಂತೆ. ಇನ್ನು ದಾಖಲೆಗಳ ಪರಿಶೀಲನೆಗೆ ಡಯಟ್. ಕೊಪ್ಪಳ ಜಿಲ್ಲೆಯ ಡಯಟ್ ಇರುವುದು ಕೊಪ್ಪಳದಲ್ಲೂ ಅಲ್ಲ, ಅಣೆಕಟ್ಟಿನ ಬುಡದ ಮುನಿರಾಬಾದಿನಲ್ಲಿ. ಅಲ್ಲಿ ಒಂದು ಮೂಲ ಪ್ರತಿ ಕಡಿಮೆ ಬಿದ್ದರೆ ಮತ್ತೆ ಕಾರಟಗಿ.

ಇಷ್ಟೆಲ್ಲ ಕಷ್ಟಪಟ್ಟು ಬಿ.ಇಡಿ. ಯಾಕೆ ಬೇಕು ಎಂದು ನೀವು ಕೇಳಬಹುದು. ಉತ್ತರ ಇಲ್ಲಿದೆ. 2022ರಲ್ಲಿ ಸರ್ಕಾರ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆ ಕರೆಯಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ. ಪದವಿ, ಬಿ.ಇಡಿ., ಟಿ.ಇ.ಟಿ. ಇದ್ದವರಿಗೆ ಅವಕಾಶ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಅದರಲ್ಲಿದ್ದದ್ದು 13,363 ಹೆಸರು. ಅಂದರೆ ಸಾವಿರದ ಆರುನೂರಕ್ಕೂ ಹೆಚ್ಚು ಕುರ್ಚಿಗಳು ಖಾಲಿ ಉಳಿದವು, ನಿರುದ್ಯೋಗದ ಬಗ್ಗೆ ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದ ಅದೇ ವರ್ಷ! ಖಾಲಿ ಕುರ್ಚಿಯಲ್ಲಿ ಕೂರುವವರು ಅತಿಥಿ ಶಿಕ್ಷಕರು. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಅವರಿಗೆ ತಿಂಗಳಿಗೆ ಸಿಗುವುದು ಹನ್ನೆರಡು ಸಾವಿರದ ಆಸುಪಾಸು. ಅತಿಥಿಗೆ ನಮ್ಮ ನಾಡು ಕೊಡುವ ಸತ್ಕಾರ ಇದು. ಅದೇ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಆ ಮಕ್ಕಳು ದಡ್ಡರೇ? ಪಾಠ ಹೇಳುವವರಿಲ್ಲದ ತರಗತಿಯಲ್ಲಿ ಯಾವ ಮಕ್ಕಳು ಜಾಣರಾಗುತ್ತಾರೆ ಹೇಳಿ.

ಕನ್ನಡ ಶಾಲೆ ಮುಚ್ಚುವುದು ಸರ್ಕಾರಿ ಆದೇಶದಿಂದ ಎಂದು ನಾವು ಭಾವಿಸಿದ್ದೇವೆ. ಆದೇಶ ಕೊನೆಗೆ ಬರುತ್ತದೆ. ಮೊದಲು ಗಣಿತದ ಮೇಷ್ಟ್ರು ವರ್ಗವಾಗಿ ಹೋಗುತ್ತಾರೆ, ಆ ಜಾಗಕ್ಕೆ ಯಾರೂ ಬರುವುದಿಲ್ಲ. ತಂದೆತಾಯಿ ಎರಡು ವರ್ಷ ಕಾಯುತ್ತಾರೆ, ಮೂರನೇ ವರ್ಷ ಮಗುವನ್ನು ಹಳದಿ ವ್ಯಾನಿಗೆ ಹತ್ತಿಸುತ್ತಾರೆ. 1982ರ ಗೋಕಾಕ್ ಚಳವಳಿ ಶಾಲೆಯೊಳಗೆ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. 1994ರ ಭಾಷಾ ನೀತಿ ನಾಲ್ಕನೇ ತರಗತಿಯವರೆಗೆ ತಾಯಿನುಡಿಯಲ್ಲೇ ಕಲಿಕೆ ಎಂದಿತು, ಅದನ್ನು ಸುಪ್ರೀಂ ಕೋರ್ಟು 2014ರಲ್ಲಿ ತಳ್ಳಿಹಾಕಿತು. ಕಾನೂನಿನ ಬಲ ಹೋದ ಮೇಲೆ ಕನ್ನಡ ಶಾಲೆಗೆ ಉಳಿದಿರುವ ಬಲ ಒಂದೇ, ಒಳ್ಳೆಯ ಟೀಚರ್.

ಅರ್ಜಿ ಹಾಕುವವರಿಗೆ ಒಂದೆರಡು ಮಾತು ನೇರವಾಗಿ ಹೇಳಬೇಕು. ಮೊದಲನೆಯದು, ಬಿ.ಇಡಿ. ಮಾಡಿ ಒಂದನೇ ತರಗತಿಯ ಟೀಚರ್ ಆಗುತ್ತೇನೆ ಎಂದು ಹೊರಡಬೇಡಿ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದರಿಂದ ಐದರ ಹುದ್ದೆಗೆ ಬಿ.ಇಡಿ. ಅರ್ಹತೆಯಲ್ಲ ಎಂದು ತೀರ್ಪಿತ್ತಿದೆ, ಅಲ್ಲಿಗೆ ಡಿ.ಎಲ್.ಇಡಿ. ಬೇಕು. ಬಿ.ಇಡಿ. ಇರುವುದು ಆರನೇ ತರಗತಿಯಿಂದ ಮೇಲಕ್ಕೆ. ಪಿ.ಯು. ಉಪನ್ಯಾಸಕರಾಗಬೇಕೆನ್ನುವವರಿಗೆ ಸ್ನಾತಕೋತ್ತರ ಪದವಿಯ ಜೊತೆಗೆ ಇದೂ ಬೇಕು. ಎರಡನೆಯದು, ಪಟ್ಟಣಗಳ ಗೋಡೆಯ ಮೇಲೆ, ಈಗೀಗ ಮೊಬೈಲಿನಲ್ಲಿ, "ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂಬ ಬಲೆ ಬೀಸುವವರಿದ್ದಾರೆ. ಎರಡು ವರ್ಷದ ದುಡ್ಡು ತೆಗೆದುಕೊಂಡು ಒಂದು ಕಾಗದ ಕೊಡುತ್ತಾರೆ. ಇಂಥ ಅಂಗಡಿಗಳ ಹಾವಳಿ ನೋಡಿಯೇ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ನೇಮಿಸಿದ್ದು, ಆಯೋಗದ 2012ರ ವರದಿಯ ಬೆನ್ನಿಗೆ 2015-16ರಿಂದ ಬಿ.ಇಡಿ. ಒಂದು ವರ್ಷದಿಂದ ಎರಡು ವರ್ಷವಾದದ್ದು. ನಿಯಮದ ಪ್ರಕಾರ ತರಗತಿಗೆ ಶೇ. 80 ಹಾಜರಾತಿ, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್ಪಿಗೆ ಶೇ. 90. ಆ ಇಂಟರ್ನ್‌ಶಿಪ್ ಒಟ್ಟು 20 ವಾರ. ಆ 20 ವಾರ ತಪ್ಪಿಸಿಕೊಂಡವನು ಮುಂದೆ ಕಾರಟಗಿಯ ನಲವತ್ತು ಮಕ್ಕಳ ಮುಂದೆ ನಿಂತು ಏನು ಮಾಡಿಯಾನು? ಪಾಠ ಓದಿ ಎಂದು ಹೇಳಿ ಫೋನು ನೋಡಿಯಾನು.

ಇನ್ನು ದೆಹಲಿಯ ವಿಚಾರ. ಸಿಟ್ಟನ್ನು ಖರ್ಚು ಮಾಡಬೇಕಾದದ್ದು ಇಲ್ಲಿ. ಕೊಪ್ಪಳ ಜಿಲ್ಲೆಯ ನವೋದಯ ವಿದ್ಯಾಲಯ ಇರುವುದು ಕುಕನೂರಿನಲ್ಲಿ, ನಿಜಾಮರ ಕಾಲದಲ್ಲಿ ಕನ್ನಡದ ದೀಪ ಉರಿದ ಅದೇ ಊರಿನಲ್ಲಿ. ನಮ್ಮ ಕಾರಟಗಿಯ ಹುಡುಗಿ ಬಿ.ಇಡಿ. ಮುಗಿಸಿ ಅಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಕಲಿಸುತ್ತೇನೆ ಎಂದರೆ ಕೇಂದ್ರದ ಸಿ.ಟಿ.ಇ.ಟಿ. ಪಾಸು ಮಾಡಬೇಕು. ಆ ಪರೀಕ್ಷೆಯಲ್ಲಿ ಭಾಷಾ ಪತ್ರಿಕೆಗೆ ಕನ್ನಡವನ್ನು ಆರಿಸಿಕೊಳ್ಳಬಹುದು, 20 ಭಾಷೆಗಳಲ್ಲಿ ನಮ್ಮದೂ ಒಂದು. ಆದರೆ ಗಣಿತ, ವಿಜ್ಞಾನ, ಸಮಾಜ, ಮಕ್ಕಳ ಮನೋವಿಜ್ಞಾನದ ಪ್ರಶ್ನೆಗಳು ಹಿಂದಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಹಿಂದಿಯವನು ತನ್ನ ತಾಯಿನುಡಿಯಲ್ಲಿ ಬರೆದು ಕುಕನೂರಿಗೆ ಮೇಷ್ಟರಾಗಿ ಬರಬಹುದು. ಕುಕನೂರಿನವಳು ತನ್ನ ನುಡಿಯಲ್ಲಿ ಬರೆದು ಕುಕನೂರಿಗೆ ಬರುವಂತಿಲ್ಲ! ಅದೇ ಕೇಂದ್ರ ಸರ್ಕಾರ 2023ರಲ್ಲಿ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಗೆ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಿ ತೋರಿಸಿದೆ. ಒಳಗೆ ಬರುವ ಬಾಗಿಲಲ್ಲಿ ಕನ್ನಡ ಸಾಧ್ಯವಾದರೆ ಕೆಲಸದ ಬಾಗಿಲಲ್ಲಿ ಯಾಕೆ ಅಸಾಧ್ಯ? ಇದಕ್ಕೆ ಉತ್ತರ ಕೇಳಬೇಕಾದದ್ದು ನಮ್ಮ 28 ಲೋಕಸಭಾ ಸದಸ್ಯರನ್ನು. ಅವರ ಕಚೇರಿಗೆ ಹೋಗಿ ಕೇಳಿದ್ದೀರಾ? ಹೂವಿನ ಹಾರ ಹಿಡಿದು ಹೋದದ್ದು ಲೆಕ್ಕಕ್ಕಿಲ್ಲ.

ನಗರದಲ್ಲಿ ಕೂತು ನಾವೇನು ಮಾಡಲು ಸಾಧ್ಯ ಎನ್ನಬೇಡಿ. ನಿಮ್ಮಲ್ಲಿ ಅರ್ಹತೆ ಇರುವವರು ಅರ್ಜಿ ಹಾಕಿ. ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿ ಅಮೆರಿಕದವರ ಬೈಗುಳ ಕೇಳುವುದಕ್ಕಿಂತ ಹಗಲು ಹೊತ್ತು ಮಕ್ಕಳ ಗದ್ದಲ ಕೇಳುವುದು ಎಷ್ಟೋ ಮೇಲು. ಸಂಬಳದ ಲೆಕ್ಕದಲ್ಲಿ ಇದು ಸುಳ್ಳಿರಬಹುದು ಎಂದು ನಮಗೂ ಗೊತ್ತು. ಬಾಡಿಗೆ ಕಟ್ಟಿ, ಸಾಲ ತೀರಿಸಿ ಉಳಿಯುವ ಲೆಕ್ಕ ನೀವೇ ಮಾಡಿ ನೋಡಿ. ಅರ್ಜಿ ಹಾಕಲಾಗದವರು ಹಾಕುವವರ ಜೊತೆ ನಿಲ್ಲಿ. ನಿಮ್ಮ ರೂಮಿನಲ್ಲಿ ವೈಫೈ ಇದೆ, ಸ್ಕ್ಯಾನರ್ ಇದೆ, ಇಂಗ್ಲಿಷಿನ ಷರತ್ತುಗಳನ್ನು ಓದಿ ಕನ್ನಡದಲ್ಲಿ ಹೇಳುವ ನಾಲಿಗೆ ಇದೆ. ಕೊಪ್ಪಳ, ರಾಯಚೂರು, ಯಾದಗಿರಿಯಿಂದ ಬಂದು ನಿಮ್ಮ ಪಕ್ಕದ ಮಂಚದಲ್ಲಿ ಮಲಗುವ ಗೆಳೆಯನಿದ್ದಾನಲ್ಲ, ಅವನ ತಂಗಿ ಈ ವರ್ಷ ಡಿಗ್ರಿ ಮುಗಿಸಿದಳೇ ಎಂದು ಕೇಳಿ. ಮುಗಿಸಿದ್ದರೆ ಅರ್ಜಿಯ ಅಧಿಸೂಚನೆಗಾಗಿ ಕಾಯಬೇಡ ಎಂದು ಇವತ್ತೇ ಹೇಳಿಸಿ. 371(ಜೆ) ಪತ್ರಕ್ಕೆ ಈ ತಿಂಗಳೇ ಅರ್ಜಿ ಕೊಡಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳಿಗೆ ಓದಿದ ಶಾಲೆಯ ಹೆಡ್ ಮಾಸ್ತರರನ್ನು ಶಾಲೆ ನಡೆಯುತ್ತಿರುವಾಗಲೇ ಕಾಣಲಿ, ರಜೆ ಬಂದರೆ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಆಧಾರಿನಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿಕೊಳ್ಳಲಿ. ಇಲ್ಲದಿದ್ದರೆ ಈಗಲೇ ತಿದ್ದಿಸಲಿ. ಮೂಲ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಎರಡು ಸೆಟ್ ಜೆರಾಕ್ಸನ್ನು ಇನ್ನೊಂದರಲ್ಲಿ ಇಟ್ಟುಕೊಳ್ಳಲಿ. ಮುನಿರಾಬಾದಿಗೆ ಹೋಗುವ ದಿನ ಕಾರಟಗಿಯಿಂದ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಲಿ.