ಬಂದವರ ಮಕ್ಕಳು

ಜಾಲಹಳ್ಳಿಯಲ್ಲಿ ನಾನಿರುವ ಬೀದಿಯ ತುದಿಗೆ ಒಂದು ದೊಡ್ಡ ವಸತಿಕಟ್ಟಡ ಏಳುತ್ತಿದೆ. ಅದರ ಮಗ್ಗುಲಲ್ಲಿ ಕೆಲಸಗಾರರ ತಗಡಿನ ಶೆಡ್ಡುಗಳು. ಕಳೆದ ನವೆಂಬರಿನಲ್ಲಿ ಒಂದು ಬೆಳಗ್ಗೆ ಕಾಲೇಜಿಗೆ ಹೊರಟವನು ಅಲ್ಲಿ ಗಳಿಗೆಹೊತ್ತು ನಿಂತೆ. ಒಂಬತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ತಮ್ಮನನ್ನು ಕಂಕುಳಲ್ಲಿ ಇರಿಸಿಕೊಂಡೇ ಬಾಗಿ, ಇಟ್ಟಿಗೆಯ ಚೂರಿನಿಂದ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆಯುತ್ತಿದ್ದಳು. “ಎಷ್ಟನೆಯ ಕ್ಲಾಸಮ್ಮ ನೀನು?” ಎಂದು ಕೇಳಿದೆ. “ಊರಾಗ ಮೂರನೇತ್ತ ಇದ್ದೆರಿ. ಇಲ್ಲಿ ಸಾಲಿಗಿ ಹೋಗಂಗಿಲ್ಲರಿ. ತಮ್ಮನ್ನ ಹಿಡಿಯೋರು ಯಾರೂ ಇಲ್ಲ” ಎಂದಳು. ಊರು ಯಾದಗಿರಿ ಜಿಲ್ಲೆಯ ಸುರಪುರದ ಕಡೆ. ತಾಯಿತಂದೆಗಳಿಬ್ಬರೂ ಮೇಲಿನ ಅಂತಸ್ತಿನಲ್ಲಿ ಕೆಲಸಕ್ಕೆ ಹೋಗಿದ್ದರು. ಅಷ್ಟರಲ್ಲಿ ಪಕ್ಕದ ಶೆಡ್ಡಿನಿಂದ ಅವಳ ವಯಸ್ಸಿನವನೇ ಆದ ಹುಡುಗನೊಬ್ಬ ಬಂದು ಬಿಲ್ಲೆ ಎಸೆದು, “ಒಂದ, ಎರಡ, ಮೂರ” ಎಂದು ಎಣಿಸುತ್ತ ಕುಂಟಿದ. ಅವನು ಬಂಗಾಳದ ಮಾಲ್ದಾ ಕಡೆಯವನೆಂದೂ, ಅವನಿಗೆ ಎಣಿಕೆ ಕಲಿಸಿದವಳು ತಾನೇ ಎಂದೂ ಹುಡುಗಿ ಹೆಮ್ಮೆಯಿಂದ ಹೇಳಿದಳು.

ಈ ಇಬ್ಬರನ್ನು ವಾಚಕರ ಮುಂದೆ ನಿಲ್ಲಿಸುವುದಕ್ಕೆ ಕಾರಣವುಂಟು. ವಲಸೆ ಬಂದವರನ್ನು ಕುರಿತು ನಮ್ಮಲ್ಲಿ ಈಚೆಗೆ ಮಾತು ಬಹಳವಾಗಿದೆ. ಬಂದವರು ಹೆಚ್ಚಿದರು, ಕನ್ನಡ ಕಲಿಯುವುದಿಲ್ಲ, ನೆಲದ ನಡೆನುಡಿಗೆ ಹೊಂದುವುದಿಲ್ಲ ಎಂಬ ದೂರು ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿಬರುತ್ತದೆ. ಕನ್ನಡವನ್ನು ಕಲಿಸಿ ಜೀವನ ಮಾಡುವ ನನಗೆ ಆ ದೂರಿನ ಹಿಂದಿರುವ ನೋವು ತಿಳಿಯದ್ದಲ್ಲ. ಆದರೆ ಮಕ್ಕಳ ವಿಷಯ ಬಂದಾಗ ಒಂದು ಪ್ರಶ್ನೆಯನ್ನು ಮೊದಲು ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ: ಕಲಿಯುವುದಕ್ಕೆ ಬೇಕಾದುದನ್ನು ನಾವು ಅವರಿಗೆ ಕೊಟ್ಟಿದ್ದೇವೆಯೆ?

ಜಾಲಹಳ್ಳಿಯೇ ಬಂದವರಿಂದ ಬೆಳೆದ ಊರು. ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾಗಿ ಇಲ್ಲಿ ನೆಲೆನಿಂತವು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರದ ಕಾರ್ಖಾನೆಯೂ ಬಂತು. ಅವುಗಳಲ್ಲಿ ದುಡಿಯಲು ಕೇರಳದಿಂದ, ತಮಿಳುನಾಡಿನಿಂದ, ಆಂಧ್ರದಿಂದ, ನಮ್ಮದೇ ನಾಡಿನ ದೂರದ ಜಿಲ್ಲೆಗಳಿಂದ ಜನ ಬಂದರು. ನನ್ನ ತಂದೆಯವರೂ ತಿಪಟೂರಿನ ಕಡೆಯಿಂದ ಬಂದು ಗಡಿಯಾರದ ಕಾರ್ಖಾನೆ ಸೇರಿದವರು. ನಾವು ಬೆಳೆದ ವಸತಿಗೃಹದ ಒಂದು ಗೋಡೆಯಾಚೆ ಮಲಯಾಳ, ಇನ್ನೊಂದು ಗೋಡೆಯಾಚೆ ತೆಲುಗು. ಮನೆಯೊಳಗೆ ಅವರವರ ಮಾತು. ಬಯಲಿನಲ್ಲಿ ಆಟಕ್ಕೆ ಇಳಿದರೆ ಎಲ್ಲರದೂ ಕನ್ನಡ. ಆ ಕಾಲದ ಗುರುತಾಗಿ ಜಾಲಹಳ್ಳಿಯ ಅಯ್ಯಪ್ಪ ದೇವಾಲಯ ಇಂದಿಗೂ ನಿಂತಿದೆ. ಅಲ್ಲಿಗೆ ಕೈಮುಗಿಯಲು ಹೋಗುವವರಲ್ಲಿ ಕನ್ನಡಿಗರು ಕಡಮೆಯೇನಿಲ್ಲ.

ಆ ತಲೆಮಾರಿನ ಮಕ್ಕಳು ಈ ನೆಲಕ್ಕೆ ಹೊಂದಿಕೊಂಡದ್ದು ಅವರ ಗುಣವಿಶೇಷದಿಂದ ಎಂದು ನಾನು ಬಹುಕಾಲ ಭಾವಿಸಿದ್ದೆ. ಈಗ ಯೋಚಿಸಿದರೆ ಕಾರಣ ಇನ್ನೂ ಸರಳವಾಗಿ ಕಾಣುತ್ತದೆ. ಕಾರ್ಖಾನೆಗಳು ಕೆಲಸಗಾರನನ್ನು ಕರೆದಾಗ ಅವನ ಮನೆಯವರನ್ನೂ ಎಣಿಕೆಗೆ ತೆಗೆದುಕೊಂಡವು. ಇರಲು ಮನೆ, ಮಕ್ಕಳಿಗೆ ಶಾಲೆ, ಜ್ವರ ಬಂದರೆ ಆಸ್ಪತ್ರೆ, ಆಡಲು ಮೈದಾನ, ಎಲ್ಲವೂ ಕೂಗಳತೆಯಲ್ಲಿದ್ದವು. ಮಗು ಒಂದೇ ಬೀದಿಯಲ್ಲಿ ಹತ್ತು ವರ್ಷ ಬೆಳೆದರೆ ಅದು ಆ ಬೀದಿಯ ಭಾಷೆಯನ್ನು ಕಲಿಯದೆ ಇರಲಾರದು. ಕೈಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ ೨೦೧೬ರಲ್ಲಿ ಆಯಿತು. ಆದರೆ ಅಲ್ಲಿ ಬೆಳೆದ ಮಕ್ಕಳು ಇಂದು ಈ ಊರಿನ ವೈದ್ಯರು, ಅಧ್ಯಾಪಕರು, ವ್ಯಾಪಾರಿಗಳು.

ಈಗ ಬರುವವರಿಗೆ ಅಂಥ ಕರೆಯುವ ಕೈ ಇಲ್ಲ. ಕಟ್ಟಡದ ಒಡೆಯನಿಗೂ ಕೆಲಸಗಾರನಿಗೂ ನಡುವೆ ಗುತ್ತಿಗೆದಾರ, ಒಳಗುತ್ತಿಗೆದಾರ, ಮೇಸ್ತ್ರಿ ಎಂದು ಮೂರು ಮೆಟ್ಟಿಲುಗಳು. ಕೂಲಿಗೆ ಮೇಸ್ತ್ರಿ ಹೊಣೆಯಾದಾನು. ಕೂಲಿಯವಳ ಮಗುವಿಗೆ ಯಾರು ಹೊಣೆ? ಗೋಡೆ ಏಳುವಷ್ಟು ಕಾಲ ಶೆಡ್ಡು, ಗೋಡೆ ಮುಗಿದರೆ ಮತ್ತೊಂದು ನಿವೇಶನ. ೨೦೧೫ರಲ್ಲಿ ಜಾಲಹಳ್ಳಿಗೆ ಮೆಟ್ರೋ ನಿಲ್ದಾಣ ಬಂದ ಮೇಲೆ ಇಲ್ಲಿ ಎದ್ದ ಮಹಡಿಗಳೆಷ್ಟೋ! ಅವನ್ನು ಕಟ್ಟಿದವರ ಮಕ್ಕಳು ಅವುಗಳ ನೆರಳಿನಲ್ಲೇ ಮರಳಗುಪ್ಪೆಗಳ ಮೇಲೆ ಆಡಿ, ಸಿಮೆಂಟಿನ ಧೂಳು ಕುಡಿದು, ಹೇಳದೆ ಕೇಳದೆ ಹೊರಟುಹೋಗಿದ್ದಾರೆ.

ನನ್ನದೇ ಅನುಭವವನ್ನು ಹೇಳುತ್ತೇನೆ. ಆ ಇಬ್ಬರು ಮಕ್ಕಳನ್ನು, ಅವರ ತಾಯಂದಿರ ಒಪ್ಪಿಗೆ ಪಡೆದು, ಒಂದು ಶಾಲೆಗೆ ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ವರ್ಗಾವಣೆ ಪತ್ರ ಕೇಳಿದರು, ಆಧಾರ್ ಕೇಳಿದರು, ಎರಡೂ ಇರಲಿಲ್ಲ. “ಅರ್ಧ ವರ್ಷ ಕಳೆದಿದೆ ಸಾರ್. ಜೂನಿಗೆ ಕರೆದುಕೊಂಡು ಬನ್ನಿ” ಎಂದರು. ಜೂನಿನ ಹೊತ್ತಿಗೆ ಕಟ್ಟಡ ಮುಗಿದಿರುತ್ತದೆ ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನು ಸುಮ್ಮನೆ ಹಿಂದಿರುಗಿದೆ. ಏಕೆಂದರೆ ಕಾಯಿದೆ ಏನು ಹೇಳುತ್ತದೆಂಬುದು ನನಗೆ ತಿಳಿದಿರಲಿಲ್ಲ.

ಆ ರಾತ್ರಿ ಅದನ್ನು ತೆಗೆದು ಓದಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ೨೦೧೦ರ ಏಪ್ರಿಲಿನಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದೂ, ಹಿಂದುಳಿದಿದ್ದರೆ ವಿಶೇಷ ಪಾಠ ಕೊಡಬೇಕೆಂದೂ ಅದರ ನಾಲ್ಕನೆಯ ಪ್ರಕರಣ ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯಕೂಡದೆಂದು ಐದನೆಯದು. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸಕೂಡದೆಂದು ಹದಿನಾಲ್ಕನೆಯದು. ವರ್ಷದ ನಡುವೆ ಬಂದಿತೆಂದು ಹೊರಗೆ ನಿಲ್ಲಿಸಕೂಡದೆಂದು ಹದಿನೈದನೆಯದು. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು ಒಂಬತ್ತನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಬರೆದಿದೆ. ಮರುದಿನ ಈ ಪುಟಗಳನ್ನು ಹಿಡಿದು ಹೋದೆ. ಆ ತಾಯಿ ಕೆಟ್ಟವರಲ್ಲ. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಒಬ್ಬರೇ ಪಾಠ ಹೇಳುತ್ತಿದ್ದರು. ಓದಿ ನೋಡಿ, ಇಬ್ಬರ ಹೆಸರನ್ನೂ ಬರೆದುಕೊಂಡರು. ನನಗೆ ದೊಡ್ಡ ಕೆಲಸ ಮಾಡಿದಂತೆ ಸಂತೋಷವಾಯಿತು.

ಆ ಸಂತೋಷ ನಾಲ್ಕು ದಿನದ್ದು. ಐದನೆಯ ದಿನ ಹುಡುಗ ಒಬ್ಬನೇ ಶಾಲೆಗೆ ಹೋದ. ಹುಡುಗಿ ತಮ್ಮನೊಡನೆ ಮರಳಗುಪ್ಪೆಯ ಬಳಿ ಇದ್ದಳು. ಅವಳು ಶಾಲೆಯಲ್ಲಿದ್ದ ದಿನಗಳಲ್ಲಿ ತಾಯಿ ಕೂಸನ್ನು ಕೆಲಸದ ಜಾಗಕ್ಕೆ ಕೊಂಡೊಯ್ದಿದ್ದಳು. ಅದು ಕಬ್ಬಿಣದ ಸರಳುಗಳ ನಡುವೆ ಬಿದ್ದು ಹಣೆ ಒಡೆದುಕೊಂಡಿತ್ತು. ನಾನು ಹುಡುಗಿಯನ್ನು ಕಂಡಿದ್ದೆನೇ ಹೊರತು ಅವಳ ಕಂಕುಳಲ್ಲಿದ್ದ ಕೂಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದನ್ನು ಬಲ್ಲವರು ಮೊದಲೇ ಬಲ್ಲರು. ೧೯೬೯ರಲ್ಲಿ ದೆಹಲಿಯ ರಾಜಘಾಟಿನ ಬಳಿ ಗಾಂಧಿ ಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದಾಗ, ಕೂಲಿ ಹೆಂಗಸರ ಕೂಸುಗಳು ಬಿಸಿಲಿನಲ್ಲಿ ಬಿದ್ದಿದ್ದುದನ್ನು ಕಂಡ ಮೀರಾ ಮಹಾದೇವನ್ ಅವರು ಅಲ್ಲೇ ಒಂದು ಶಿಶುಪಾಲನಾ ಕೇಂದ್ರವನ್ನು ತೆರೆದರು. ಕಟ್ಟಡ ಮುಗಿದು ಕೂಲಿಕಾರರು ಹೊರಟಲ್ಲಿಗೆ ಕೇಂದ್ರವೂ ಹೋಗಬೇಕೆಂಬುದು ಅವರ ಯೋಚನೆ. ‘ಮೊಬೈಲ್ ಕ್ರೆಷಸ್’ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯನ್ನೂ ಆರೈಕೆಯನ್ನೂ ಒದಗಿಸಬೇಕೆಂದು ವಿಧಿಸಿತು. ಆದರೆ ನಮ್ಮ ಬೀದಿಯ ಕಟ್ಟಡದಲ್ಲಿ ದುಡಿಯುವ ಹೆಂಗಸರು ಇಪ್ಪತ್ತನ್ನು ಮೀರಲಾರರು. ಊರಿನ ಎಷ್ಟೋ ಕಟ್ಟಡಗಳ ಸ್ಥಿತಿ ಇದೇ. ೧೯೭೫ರಲ್ಲಿ ನಮ್ಮ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿಗಳು ನಾಡಿನ ತುಂಬ ಹಬ್ಬಿವೆ. ಅಲ್ಲಿ ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದ ಮಕ್ಕಳಿಗೆ. ಈ ಕೂಸಿಗೆ ಇನ್ನೂ ಒಂದೂವರೆ ವರ್ಷ. ಹಳ್ಳಿಯ ದುಡಿಯುವ ತಾಯಂದಿರಿಗಾಗಿ ಕರ್ನಾಟಕ ಸರಕಾರ ೨೦೨೩ರಲ್ಲಿ ‘ಕೂಸಿನ ಮನೆ’ ಎಂಬ ಯೋಜನೆಯನ್ನು ಸಾರಿತು. ಎಂಥ ಚೆಂದದ ಹೆಸರು! ಆ ಹೆಸರಿನ ಬಾಗಿಲೊಂದು ನಗರದಲ್ಲಿ ಕಟ್ಟಡ ಏಳುವ ಪ್ರತಿಯೊಂದು ಕೇರಿಗೂ ಬೇಕು. ಕೂಸಿಗೆ ಮನೆಯಾದರೆ ಅಕ್ಕನಿಗೆ ಶಾಲೆಯಾದೀತು.

ಇನ್ನು ಭಾಷೆಯ ಮಾತು. ಶಾಲೆಯಲ್ಲಿದ್ದ ಆ ನಾಲ್ಕು ದಿನಗಳಲ್ಲಿ ಹುಡುಗಿ ‘ಸಾಲಿ’ ಎಂದಾಗ ತರಗತಿ ನಕ್ಕಿತೆಂದು ಅವಳೇ ನನಗೆ ಹೇಳಿದಳು. ನನಗೆ ನಾಚಿಕೆಯಾಯಿತು. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಅವನ ವಚನಗಳನ್ನು ನಾವು ಪದವಿ ತರಗತಿಗಳಲ್ಲಿ ಗೌರವದಿಂದ ಬೋಧಿಸುತ್ತೇವೆ. ಅದೇ ಸೀಮೆಯ ಮಗು ಬಾಯ್ತೆರೆದರೆ ನಮ್ಮ ಮಕ್ಕಳು ನಗುತ್ತಾರೆ. ಕನ್ನಡದ ಮಗುವಿಗೇ ಹೀಗಾದರೆ ಬಂಗಾಳಿ, ಒಡಿಯಾ, ಹಿಂದಿಯ ಮಕ್ಕಳ ಪಾಡೇನು? ಮನೆಮಾತನ್ನು ಹೀಯಾಳಿಸಿಕೊಂಡ ಮಗು ಬೇರೆ ಮಾತನ್ನು ಪ್ರೀತಿಯಿಂದ ಕಲಿಯಲಾರದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಮನೆಯ ಮಾತನ್ನು ಬಿಟ್ಟುಬಾ ಎಂದು ಕನ್ನಡ ಅವರನ್ನು ಕೇಳಲಿಲ್ಲ. ಆದ್ದರಿಂದಲೇ ಅವರನ್ನು ಪಡೆಯಿತು.

ನಮ್ಮ ಶಾಲೆಗಳೇ ಸೊರಗುತ್ತಿರುವಾಗ ಪರರ ಮಕ್ಕಳ ಚಿಂತೆ ಏಕೆ ಎಂದು ಒಬ್ಬ ಗೆಳೆಯರು ಕೇಳಿದರು. ಅವು ಸೊರಗುತ್ತಿರುವುದು ಮಕ್ಕಳಿಲ್ಲದೆ. ನಾವೇ ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿ, ಖಾಲಿಯಾದ ಬೆಂಚುಗಳನ್ನು ನೋಡಿ ಮರುಗುತ್ತಿದ್ದೇವೆ. ಆ ಬೆಂಚುಗಳ ಮೇಲೆ ಕೂರಲು ಸಿದ್ಧವಾದ ಮಕ್ಕಳು ಶೆಡ್ಡುಗಳಲ್ಲಿದ್ದಾರೆ. ಇನ್ನೊಂದು ಮಾತನ್ನೂ ಗೆಳೆಯರಿಗೆ ನೆನಪಿಸಿದೆ. ನಮ್ಮ ಕರಾವಳಿಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ತಟ್ಟೆ ತೊಳೆದು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು. ಆ ಮರಾಠಿ ನಗರದ ಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿತು. ಬಂದವರ ಮಕ್ಕಳಾಗಿ ನಾವು ಉಂಡ ಅನ್ನ ಅದು. ಅದರ ಋಣವನ್ನು ಇಲ್ಲಿ ತೀರಿಸಬಹುದು.

ಕರುಣೆ ನಮ್ಮಲ್ಲಿ ಇಲ್ಲವೆಂದು ನಾನು ಹೇಳಲಾರೆ. ೨೦೨೦ರ ಮೇ ತಿಂಗಳಲ್ಲಿ ಇಲ್ಲಿಗೆ ಸಮೀಪದ ಚಿಕ್ಕಬಾಣಾವರದಿಂದ ಕೂಲಿಕಾರರನ್ನು ತುಂಬಿಕೊಂಡು ಶ್ರಮಿಕ ರೈಲುಗಳು ಹೊರಟಾಗ, ನಮ್ಮ ಬೀದಿಯ ಮನೆಗಳಲ್ಲಿ ಚಿತ್ರಾನ್ನ ಕಟ್ಟಿಕೊಟ್ಟವರಿದ್ದರು, ಕೂಸುಗಳಿಗೆಂದು ಹಾಲು ಕಾಯಿಸಿಕೊಟ್ಟವರಿದ್ದರು. ಆದರೆ ರೈಲು ಹೊರಟಂತೆ ಆ ಕರುಣೆಯೂ ಹೊರಟುಹೋಯಿತು. ಜನ ಹಿಂದಿರುಗಿ ಬಂದಾಗ ಶೆಡ್ಡುಗಳು ಮೊದಲಿನಂತೆಯೇ ಇದ್ದವು. ಒಂದು ದಿನದ ಅನ್ನಕ್ಕಿಂತ ವರ್ಷವಿಡೀ ನಡೆಯುವ ಏರ್ಪಾಡು ಬೇಕಾಗಿದೆ. ಕಟ್ಟಡಕ್ಕೆ ಅನುಮತಿ ಕೊಡುವ ಪಾಲಿಕೆ, ಅಲ್ಲಿನ ಕೂಸುಗಳಿಗೆ ನೆರಳನ್ನೂ ಒಬ್ಬ ಆಯಾಳನ್ನೂ ಅನುಮತಿಯ ಶರತ್ತಾಗಿ ವಿಧಿಸಲಿ. ಸಣ್ಣ ಕಟ್ಟಡಗಳವರು ನಾಲ್ಕಾರು ಮಂದಿ ಸೇರಿ ಒಂದನ್ನು ನಡೆಸಬಹುದು. ಮನೆ ಕೊಳ್ಳಲು ಹೋಗುವ ನಾವು ಗೋಡೆಯ ಗಟ್ಟಿತನವನ್ನು ವಿಚಾರಿಸುವಾಗ ಅದನ್ನು ಕಟ್ಟಿದವರ ಮಕ್ಕಳು ಎಲ್ಲಿದ್ದರೆಂದೂ ವಿಚಾರಿಸೋಣ. ಶಿಕ್ಷಣ ಇಲಾಖೆ ಜೂನಿನಲ್ಲಿ ಮಾತ್ರವಲ್ಲದೆ, ಸುಗ್ಗಿ ಮುಗಿದು ಉತ್ತರದ ಜಿಲ್ಲೆಗಳಿಂದ ಜನ ಹೊರಡುವ ಕಾಲದಲ್ಲಿಯೂ ಶೆಡ್ಡುಗಳಿಗೆ ಹೋಗಿ ಮಕ್ಕಳನ್ನು ಎಣಿಸಲಿ. ಕಾಲೇಜಿನ ವಿದ್ಯಾರ್ಥಿಗಳು ಸಂಜೆ ಒಂದು ಗಂಟೆ ಕೊಟ್ಟರೆ ಸಾಕು. ನನ್ನ ತರಗತಿಯ ಆರು ಮಂದಿ ಈಗ ಹಾಗೆ ಹೋಗುತ್ತಿದ್ದಾರೆ. ಕಲಿಸಲು ಹೋದವರು ಬಂಗಾಳಿಯಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿತು ಬಂದಿದ್ದಾರೆ.

ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಹುಡುಗಿಯ ಮನೆಯವರು ಸಂಕ್ರಾಂತಿ ಕಳೆದ ಮೇಲೆ ಯಲಹಂಕದ ಕಡೆ ಬೇರೊಂದು ಕಟ್ಟಡಕ್ಕೆ ಹೋದರೆಂದು ತಿಳಿಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ದಿನಗಳ ಗುರುತಿದೆ. ಈ ಪುಟವನ್ನು ಓದುವವರಲ್ಲಿ ಅಧ್ಯಾಪಕರು ಅನೇಕರಿದ್ದೀರಿ. ಯಲಹಂಕದ ಕಡೆಯವರೂ ಇರಬಹುದು. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡ ಹುಡುಗಿಯೊಬ್ಬಳು ನಿಮ್ಮ ಶಾಲೆಯ ಗೇಟಿನ ಬಳಿ ನಿಂತು ಒಳಗೆ ನೋಡುತ್ತಿದ್ದರೆ, ದಯವಿಟ್ಟು ಇಬ್ಬರನ್ನೂ ಒಳಗೆ ಕರೆಯಿರಿ. ಪತ್ರಗಳನ್ನು ಆಮೇಲೆ ಕೇಳಬಹುದು.