ಹಳೆಯ ಸ್ಪೀಕರಿಗೆ ಹಳೆಯ ಆಂಪ್ಲಿಫಯರೇ ಏಕೆ?

ಹಳೆಯ ಸ್ಪೀಕರುಗಳಿಗೆ ಈಗ ಶುಕ್ರದೆಸೆ. ಮೂವತ್ತು ವರ್ಷ ಅಟ್ಟದ ಮೇಲೆ ಧೂಳು ತಿಂದು ಕೂತಿದ್ದ ಮರದ ಪೆಟ್ಟಿಗೆಗಳು ದಿವಾನಖಾನೆಗೆ ಇಳಿದು ಬಂದಿವೆ. ಅಪ್ಪನ ಕಾಲದ ಗ್ರಾಮಫೋನು ತಟ್ಟೆಗಳನ್ನು ಮಕ್ಕಳು ಒರೆಸಿ ಹಾಕುತ್ತಿದ್ದಾರೆ. ಅಂಗೈಯಷ್ಟು ಯಂತ್ರದಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿ ಕೇಳಿ ಬೇಸತ್ತ ಕಿವಿಗಳು ತಂಬೂರಿಯ ತುಂಬು ನಾದವನ್ನು ಹುಡುಕಿ ಹೊರಟಿದ್ದರೆ ಅದಕ್ಕಿಂತ ಸಂತೋಷದ ಸಂಗತಿ ಬೇರೆ ಯಾವುದು? ನನ್ನ ಜಗಳ ಈ ಹವ್ಯಾಸದ ಮೇಲಲ್ಲ. ಅದರ ಬೆನ್ನು ಹತ್ತಿ ಬಂದಿರುವ ಎರಡು ಮೂಢನಂಬಿಕೆಗಳ ಮೇಲೆ. ಹಳೆಯ ಸ್ಪೀಕರಿಗೆ ಅದೇ ಕಾಲದ, ಸಾಧ್ಯವಾದರೆ ಅದೇ ಕಂಪನಿಯ ಆಂಪ್ಲಿಫಯರೇ ಬೇಕು ಎಂಬುದು ಒಂದು. ಸ್ಪೀಕರಿನ ಬೆನ್ನಿನ ಮೇಲೆ ಬರೆದ ವಾಟಿನ ಅಂಕಿಯೂ ಆಂಪ್ಲಿಫಯರಿನ ವಾಟಿನ ಅಂಕಿಯೂ ಒಂದೇ ಆದರೆ ಜೋಡಿ ಕೂಡಿಬಂತು ಎಂಬುದು ಇನ್ನೊಂದು. ಮೊದಲನೆಯದು ರಸಿಕರದು, ಎರಡನೆಯದು ವ್ಯಾಪಾರಿಗಳದು. ಎರಡರ ನಡುವೆ ಸಿಕ್ಕಿ ನುರಿಯುವವನು ಸಂಬಳದ ಮನುಷ್ಯ.

ಕನ್ನಡ ಮೇಷ್ಟರಿಗೆ ಸ್ಪೀಕರಿನ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಇಪ್ಪತ್ತು ವರ್ಷ ಸಂಧಿ ಪ್ರಕರಣ ಪಾಠ ಹೇಳಿದವನಿಗೆ ಎರಡು ಕೂಡುವ ಎಡೆಯಲ್ಲಿ ಲೋಪವಾಗುತ್ತದೆಯೋ ಆಗಮವಾಗುತ್ತದೆಯೋ ಎಂದು ನೋಡುವ ಚಟ ಬಿಡುವುದಿಲ್ಲ, ಅಷ್ಟೇ.

ವ್ಯಾಪಾರಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. “ನೂರು ವಾಟ್ ಸ್ಪೀಕರು ಸಾರ್, ನೂರು ವಾಟಿನ ಆಂಪ್ಲಿಫಯರೇ ಹಾಕಬೇಕು, ಅದೂ ನನ್ನಲ್ಲಿದೆ.” ಕೇಳಲು ಲೆಕ್ಕದಂತೆಯೇ ಇದೆ. ಸೇತುವೆಯ ಪಕ್ಕದಲ್ಲಿ ‘10 ಟನ್’ ಎಂದು ಫಲಕ ಹಾಕಿದ್ದರೆ ಹತ್ತು ಟನ್ನಿನ ಲಾರಿಯೇ ಅದರ ಮೇಲೆ ಹೋಗಬೇಕು, ಸೈಕಲ್ಲು ಹೋಗಕೂಡದು ಎಂದು ಯಾರಾದರೂ ಓದಿಕೊಳ್ಳುತ್ತಾರೆಯೆ? ಸ್ಪೀಕರಿನ ಮೇಲೆ ಬರೆದ ವಾಟ್ ಅದು ತಾಳಿಕೊಳ್ಳಬಲ್ಲ ಭಾರ, ಅದರ ಹಸಿವಲ್ಲ. ಹಸಿವನ್ನು ಹೇಳುವ ಅಂಕಿ ಬೇರೆ ಇದೆ. ಒಂದು ವಾಟ್ ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದು ಆ ಅಂಕಿ. ಇದನ್ನು ಅಂಗಡಿಯವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಈ ಅಂಕಿಯ ಆಟ ಸಣ್ಣದಲ್ಲ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕಿಟ್ಟ, ಕೋಣೆಯ ಮೂಲೆಯನ್ನೇ ಕಹಳೆಯ ಬಾಯಿ ಮಾಡಿಕೊಳ್ಳುವ ಕ್ಲಿಪ್ಶ್‌ಹಾರ್ನ್ ಒಂದು ವಾಟಿಗೆ ಸುಮಾರು 104 ಡೆಸಿಬೆಲ್ ಕೊಡುತ್ತದೆ. 1970ರ ದಶಕದಲ್ಲಿ ಬಿ.ಬಿ.ಸಿ.ಯವರು ತಮ್ಮ ಪ್ರಸಾರದ ವ್ಯಾನಿನೊಳಗೆ ಇಟ್ಟುಕೊಳ್ಳಲೆಂದು ರೂಪಿಸಿದ, ಎರಡು ನಿಘಂಟುಗಳನ್ನು ಜೋಡಿಸಿಟ್ಟಷ್ಟು ಗಾತ್ರದ ಎಲ್.ಎಸ್. 3/5ಎ ಕೊಡುವುದು ಸುಮಾರು 83. ಪ್ರತಿ 3 ಡೆಸಿಬೆಲ್ ಏರಿಸಲು ಆಂಪ್ಲಿಫಯರಿನ ಶಕ್ತಿ ಇಮ್ಮಡಿಯಾಗಬೇಕು. ಹಾಗೆ ಲೆಕ್ಕ ಹಾಕುತ್ತ ಹೋದರೆ ಮೊದಲನೆಯದು ಒಂದು ವಾಟಿನಲ್ಲಿ ಹಾಡುವುದನ್ನು ಎರಡನೆಯದು ಹಾಡಲು ನೂರು ವಾಟಿಗೂ ಹೆಚ್ಚು ಬೇಕು. ಪಾಪ, ಅಷ್ಟನ್ನು ಅದು ತಾಳಲಾರದು. ಅದು ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತು ಕೇಳುವವರ ಸ್ಪೀಕರು. ಹಳೆಯ ಎಂಟು ವಾಟಿನ ವಾಲ್ವ್ ಆಂಪ್ಲಿಫಯರು ಮೊದಲನೆಯದಕ್ಕೆ ಮೃಷ್ಟಾನ್ನ, ಎರಡನೆಯದಕ್ಕೆ ಏಕಾದಶಿ. ಎರಡೂ ‘ಹಳೆಯ ಸ್ಪೀಕರು’ಗಳೇ!

ಐವತ್ತು ವಾಟಿನದನ್ನು ಕೊಟ್ಟು ನೂರು ವಾಟಿನದನ್ನು ತರುವವರು ಇದನ್ನು ಗಮನಿಸಬೇಕು. ಹೆಚ್ಚಿದ್ದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು. ಇನ್ನು ಪೆಟ್ಟಿಗೆಯ ಮೇಲೆ ‘ಪಿ.ಎಂ.ಪಿ.ಒ.’ ಎಂದು ಸಾವಿರಗಟ್ಟಲೆ ವಾಟ್ ಬರೆಯುವ ಸಂಪ್ರದಾಯವಿತ್ತಲ್ಲ, ಅದರ ವಿಷಯ ಇಲ್ಲಿ ಬೇಡ. ಅದು ಸಾಹಿತ್ಯದ ಶಾಖೆ, ಅತಿಶಯೋಕ್ತಿ ಅಲಂಕಾರಕ್ಕೆ ಉದಾಹರಣೆಯಾಗಿ ತರಗತಿಯಲ್ಲಿ ಬಳಸಬಹುದು.

ಕಡಿಮೆ ವಾಟಿನ ಆಂಪ್ಲಿಫಯರು ಸ್ಪೀಕರಿಗೆ ಸುರಕ್ಷಿತ ಎಂಬ ಮಾತೂ ಅರ್ಧ ಸತ್ಯ. ಸಣ್ಣ ಆಂಪ್ಲಿಫಯರಿನ ಕಿವಿ ಹಿಂಡಿ ಕೊನೆಯವರೆಗೆ ತಿರುಗಿಸಿದರೆ ಅದು ಅಲೆಯ ನೆತ್ತಿಯನ್ನು ಕತ್ತರಿಸಿ ಕಳಿಸುತ್ತದೆ. ಆ ಮೊಂಡಲೆಯ ಕಾವಿಗೆ ಮೊದಲು ಬಲಿಯಾಗುವುದು ಕೂದಲೆಳೆಯಂಥ ತಂತಿಯ ಟ್ವೀಟರು. ಮದುವೆಮನೆಗಳಲ್ಲಿ ಸುಟ್ಟುಹೋದ ಟ್ವೀಟರುಗಳಲ್ಲಿ ಎಷ್ಟೋ ಹೀಗೆ ಸತ್ತವು.

ಈಗ ರಸಿಕರ ಕಡೆಗೆ ಬರೋಣ. ಇವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1950ರ ದಶಕದ ಸ್ಪೀಕರುಗಳು ವಾಲ್ವ್ ಆಂಪ್ಲಿಫಯರುಗಳ ಜೊತೆಯಲ್ಲಿ ಬೆಳೆದವು. ಆ ಆಂಪ್ಲಿಫಯರುಗಳು ಕೋನಿನ ಮೇಲೆ ಹಿಡಿತವನ್ನು ಕೊಂಚ ಸಡಿಲ ಬಿಡುತ್ತಿದ್ದವು. ಆ ಸಡಿಲವನ್ನು ಲೆಕ್ಕಕ್ಕೆ ಹಿಡಿದೇ ಪೆಟ್ಟಿಗೆ ಮಾಡುತ್ತಿದ್ದರು. ಇಂದಿನ ಟ್ರಾನ್ಸಿಸ್ಟರು ಆಂಪ್ಲಿಫಯರಿನ ಬಿಗಿಮುಷ್ಟಿಯಲ್ಲಿ ಅಂಥ ಕೆಲವು ಸ್ಪೀಕರುಗಳ ಮಂದ್ರ ಸೊರಗುತ್ತದೆ. ನಿಜ. ಆದರೆ ಮದ್ದೇನು? ತಂತಿಯ ದಾರಿಯಲ್ಲಿ ಒಂದು ಓಮಿನ, ಹತ್ತು ವಾಟಿನ ಒಂದು ರೆಸಿಸ್ಟರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾಫಿಯ ದುಡ್ಡಿಗೆ ಸಿಕ್ಕುತ್ತದೆ. ಇದಕ್ಕಾಗಿ ಲಕ್ಷ ರೂಪಾಯಿಯ ವಾಲ್ವ್ ಆಂಪ್ಲಿಫಯರನ್ನು ಹುಡುಕಿಕೊಂಡು ಮುಂಬಯಿಗೆ ಹೋಗಬೇಕೆ?

ಒಂದೇ ಕಾಲದವು ಒಂದಕ್ಕೊಂದು ಹೊಂದುತ್ತವೆ ಎಂಬ ನಂಬಿಕೆಗೆ ಇತಿಹಾಸದ ಆಧಾರವೂ ಇಲ್ಲ. ಅಮೆರಿಕದ ಅಕೂಸ್ಟಿಕ್ ರಿಸರ್ಚ್ ಕಂಪನಿ 1954ರಲ್ಲಿ ಒಂದು ಹೊಸ ಸ್ಪೀಕರನ್ನು ತಂದಿತು. ಎಡ್ಗರ್ ವಿಲ್ಚರ್ ಅವರ ಯುಕ್ತಿ ಅದು: ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆ, ಒಳಗೆ ಸಿಕ್ಕ ಗಾಳಿಯೇ ಕೋನಿಗೆ ಸ್ಪ್ರಿಂಗು. ಬೀರುವಿನಷ್ಟು ಪೆಟ್ಟಿಗೆಯಿಂದ ಬರುತ್ತಿದ್ದ ಮಂದ್ರ ಪುಸ್ತಕದ ಕಪಾಟಿನಿಂದ ಬಂತು. ಆದರೆ ಬಿಟ್ಟಿಯಾಗಿ ಬರಲಿಲ್ಲ. ವಾಟಿನಲ್ಲಿ ಬೆಲೆ ತೆರಬೇಕಾಯಿತು. ಅದೇ ಕುಲದಲ್ಲಿ 1967ರಲ್ಲಿ ಹುಟ್ಟಿದ ಎ.ಆರ್. 3ಎ ನಾಲ್ಕು ಓಮಿನದು, ಹೊಟ್ಟೆಬಾಕ. ಅದರ ಸಮಕಾಲೀನ ಆಂಪ್ಲಿಫಯರುಗಳಲ್ಲಿ ಅನೇಕವು ಅದನ್ನು ಎಳೆಯಲಾರದೆ ಬಿಸಿಯಾಗುತ್ತಿದ್ದವು. ನಾಲ್ಕು ಓಮಿಗೆ ತಾಳುವ, ಇಂದಿನ ಸಾಧಾರಣ ಆಂಪ್ಲಿಫಯರು ಅದನ್ನು ಹಾಡಿಸುವಷ್ಟು ಚೆನ್ನಾಗಿ ಅವು ಹಾಡಿಸಲಿಲ್ಲ.

ಇಂಗ್ಲೆಂಡಿನ ಕ್ವಾಡ್ ಕಂಪನಿಯ ಉದಾಹರಣೆಯನ್ನು ನನ್ನ ಎದುರಾಳಿಗಳು ಆಗಾಗ ಎತ್ತುತ್ತಾರೆ. 1957ರಲ್ಲಿ ಪೀಟರ್ ವಾಕರ್ ಹೊರತಂದ ಸ್ಥಾಯೀವಿದ್ಯುತ್ತಿನ ಸ್ಪೀಕರಿಗೆ ಅದೇ ಕಂಪನಿಯ 15 ವಾಟಿನ ವಾಲ್ವ್ ಆಂಪ್ಲಿಫಯರೇ ಸರಿ ಎನ್ನುತ್ತಾರೆ. ಹೌದು, ಸರಿಯೇ, ಹೆಚ್ಚು ವೋಲ್ಟೇಜು ಕೊಟ್ಟರೆ ಅದರ ಹಾಳೆಗಳಲ್ಲಿ ಕಿಡಿ ಹಾರುತ್ತದೆ. ಆದರೆ ಅದೇ ಕಂಪನಿ 1967ರಲ್ಲಿ ತಂದ 303 ಎಂಬ ಟ್ರಾನ್ಸಿಸ್ಟರು ಆಂಪ್ಲಿಫಯರೂ ಆ ಸ್ಪೀಕರಿಗೆ ಹೊಂದುತ್ತಿತ್ತು. 1975ರ 405, ನೂರು ವಾಟಿನದು, ಅದೇ ಮನೆಯ ಮಗನಾದರೂ ಕಡಿವಾಣ ಹಾಕದೆ ಜೋಡಿಸುವಂತಿರಲಿಲ್ಲ. ಹೊಂದಿಸಿದ್ದು ವೋಲ್ಟೇಜಿನ ಲೆಕ್ಕ. ವಯಸ್ಸೂ ಅಲ್ಲ, ಗೋತ್ರವೂ ಅಲ್ಲ.

ಈ ವಾದವಿವಾದದಿಂದ ಯಾರಿಗೇನು ನಷ್ಟ ಎನ್ನಬೇಡಿ. ಗಂಡ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿರುವ ಅಜ್ಜಿಗೆ, “ಇದಕ್ಕೆ ಜೋಡಿ ಆಂಪ್ಲಿಫಯರು ಇಲ್ಲಮ್ಮ, ಬರಿಯ ಸ್ಪೀಕರು ಯಾರಿಗೆ ಬೇಕು?” ಎಂದು ಹೇಳಿ ಹಳೆ ಪೇಪರಿನ ಬೆಲೆಗೆ ಹೊತ್ತೊಯ್ಯುತ್ತಾರೆ. ಅದೇ ಸ್ಪೀಕರು ವಾರದೊಳಗೆ ಮೇಣ ತಿಕ್ಕಿಸಿಕೊಂಡು, ಯಾವುದೋ ತುಕ್ಕು ಹಿಡಿದ ಆಂಪ್ಲಿಫಯರಿನ ಪಕ್ಕದಲ್ಲಿ ‘ಜೋಡಿ’ಯಾಗಿ ನಿಂತು, ಹತ್ತಾರು ಪಟ್ಟು ಬೆಲೆ ಕೇಳುತ್ತದೆ. ಮೂಢನಂಬಿಕೆ ಎರಡು ಕಡೆಯಿಂದಲೂ ಕಾಸು ಹುಟ್ಟಿಸುತ್ತದೆ. ಆ ಆಂಪ್ಲಿಫಯರಿನ ಕೆಪಾಸಿಟರುಗಳು ಒಣಗಿ ಯಾವ ಕಾಲವಾಯಿತೋ! ಅಮೆರಿಕದಿಂದ ಬಂದದ್ದಾದರೆ 120 ವೋಲ್ಟಿನದು; ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆ. ಸ್ಪೀಕರಿಗೆ ಈ ಪೀಡೆಯಿಲ್ಲ, ಅದು ಗೋಡೆಯ ಕರೆಂಟನ್ನು ಮುಟ್ಟುವುದೇ ಇಲ್ಲ. ಹಳೆಯದನ್ನು ಕೊಳ್ಳುವುದಾದರೆ ಸ್ಪೀಕರನ್ನು ಕೊಳ್ಳಿ, ಆಂಪ್ಲಿಫಯರು ಹೊಸದಿರಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಹಳೆಯ ಸ್ಪೀಕರೆಲ್ಲ ಚಿನ್ನವೆಂದಲ್ಲ. 1970, 80ರ ದಶಕಗಳ ಬಹುಪಾಲು ಸ್ಪೀಕರುಗಳಲ್ಲಿ ಕೋನಿನ ಅಂಚಿಗೆ ಫೋಮಿನ ಪಟ್ಟಿ ಇರುತ್ತದೆ. ಹದಿನೈದಿಪ್ಪತ್ತು ವರ್ಷಕ್ಕೆ ಅದು ಹಳೆಯ ಹಪ್ಪಳದಂತೆ ಪುಡಿಯಾಗುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಇದು ರೋಗವೇ ಹೊರತು ಮರಣವಲ್ಲ, ಹೊಸ ಪಟ್ಟಿ ಅಂಟಿಸಬಹುದು. ಬೆಲೆ ಇಳಿಸಲು ಒಳ್ಳೆಯ ನೆಪವೂ ಹೌದು. ಬಟ್ಟೆಯ ಅಂಚೋ ರಬ್ಬರಿನ ಅಂಚೋ ಆದರೆ ಬಹುಕಾಲ ಬಾಳುತ್ತದೆ. ಕೋನನ್ನು ಎರಡು ಕೈಯ ಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒತ್ತಿ ನೋಡಬೇಕು. ಒಳಗೆ ಕರಕರ ಸದ್ದು ಬಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ, ಕೈಬಿಡಿ. ಮಲ್ಟಿಮೀಟರಿನಲ್ಲಿ ಎಂಟು ಓಮಿನ ಸ್ಪೀಕರು ಸುಮಾರು ಆರು ತೋರಿಸಬೇಕು, ನಾಲ್ಕು ಓಮಿನದು ಸುಮಾರು ಮೂರು ಚಿಲ್ಲರೆ. ಏನೂ ತೋರದಿದ್ದರೆ ತಂತಿ ಸುಟ್ಟಿದೆ. ಹದಿನಾರು ಓಮ್ ಎಂದಿದ್ದರೆ ಹೆದರಬೇಕಿಲ್ಲ. ಟ್ರಾನ್ಸಿಸ್ಟರು ಆಂಪ್ಲಿಫಯರು ಎಂಟಕ್ಕೆ ಕೊಡುವುದರಲ್ಲಿ ಅರ್ಧ ಶಕ್ತಿ ಕೊಡುತ್ತದೆ, ಅಷ್ಟೇ. ಹೆದರಬೇಕಾದದ್ದು ನಾಲ್ಕು ಓಮಿನ ಎರಡು ಜೊತೆಗಳನ್ನು ಒಂದೇ ಆಂಪ್ಲಿಫಯರಿಗೆ ಕಟ್ಟುವವರು. ಅದು ಎರಡು ಓಮಿಗೆ ಇಳಿಯುತ್ತದೆ, ಆಂಪ್ಲಿಫಯರಿನ ಆಯುಷ್ಯವೂ ಇಳಿಯುತ್ತದೆ.

ಕಳೆದ ವರ್ಷ ನಾನು ಹೋಗಿದ್ದ ಒಂದು ಅಂಗಡಿಯಲ್ಲಿ ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ತೋರಿಸಿ ಎಂದರೆ ಮಾಲೀಕರು ಒಪ್ಪಲಿಲ್ಲ. “ಕಂಪನಿ ಫಿಟಿಂಗು ಸಾರ್, ಬಿಚ್ಚಿದರೆ ಬೆಲೆ ಹೋಗುತ್ತದೆ” ಎಂದು ಹೇಳಿ, ಎದೆ ಗುದ್ದುವಂಥ ಒಂದು ಸಿನಿಮಾ ಹಾಡನ್ನು ಹಾಕಿದರು. ಅಂಥ ಹಾಡಿನಲ್ಲಿ ಯಾವ ಸ್ಪೀಕರೂ ಚೆನ್ನಾಗಿರುತ್ತದೆ. ನೀವು ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು, ಒಂದೇ ಕಂಠ ಮತ್ತು ತಂಬೂರಿ ಇರುವಂಥದನ್ನು, ಜೊತೆಗೆ ಒಯ್ಯಿರಿ. ಸಣ್ಣ ದನಿಯಲ್ಲಿ ಹಾಕಿಸಿ, ಒಂದೊಂದು ಸ್ಪೀಕರಿನಲ್ಲಿ ಬೇರೆ ಬೇರೆಯಾಗಿ ಕೇಳಿ. ಬಟ್ಟೆ ಬಿಚ್ಚಿಸಿ ಅಂಚು ನೋಡಿ. ಬಿಚ್ಚುವುದಿಲ್ಲ ಎಂದರೆ ಹೊರಗೆ ಬಂದು ಬಸ್ಸು ಹಿಡಿಯಿರಿ. ಅಂಥ ಪೆಟ್ಟಿಗೆಗಳು ಊರಿನ ಅಟ್ಟಗಳ ಮೇಲೆ ಇನ್ನೂ ಬೇಕಾದಷ್ಟಿವೆ.